ಹಾಳಮಣ್ಣು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಒಂದು ಮಾತನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನೀವು ಹೋಗಿ ನಿಲ್ಲುವ ಜಾಗಕ್ಕೆ ನಿಮ್ಮನ್ನು ಯಾರೂ ಕರೆದಿರುವುದಿಲ್ಲ. ಅಲ್ಲಿ ಯಾರೋ ಮನೆ ಕಟ್ಟಿಸುತ್ತಿರುತ್ತಾರೆ. ಪೂಜೆ ಮುಗಿದಿರುತ್ತದೆ, ಕಾಯಿ ಒಡೆದಿರುತ್ತಾರೆ, ಊದುಬತ್ತಿ ಇನ್ನೂ ಉರಿಯುತ್ತಿರುತ್ತದೆ. ಅಷ್ಟರಲ್ಲಿ ನೀವು ಹೆಗಲಿಗೆ ಚೀಲ ಹಾಕಿಕೊಂಡು ಹೋಗಿ ಪಾಯದ ಅಂಚಿಗೆ ನಿಲ್ಲುತ್ತೀರಿ. ಹಳೆಯ ಊರಿನ ನೆಲ ಅಗೆದರೆ ಹಳೆಯದೇನಾದರೂ ಸಿಗಬಹುದು, ಸಿಕ್ಕರೆ ಕೆಲಸ ನಿಲ್ಲಿಸಬೇಕು, ಅದನ್ನು ನೋಡಲು ಪುರಾತತ್ವ ಇಲಾಖೆಯ ಒಬ್ಬ ಮನುಷ್ಯ ಅಲ್ಲಿರಬೇಕು. ನಮ್ಮ ಕಡೆ ಆ ಮನುಷ್ಯ ನಾನಾಗಿದ್ದೆ. ಕೊಪ್ಪಳದ ಕೋಟೆಯ ಕೆಳಗಿನ ಓಣಿಗಳಲ್ಲಿ ನನ್ನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ, ‘ಬಂದ್ ಸಾಹೇಬ’ ಎಂದರೆ ಎಲ್ಲರಿಗೂ ಗೊತ್ತಿತ್ತು. ನಾನು ಮೂಲೆ ತಿರುಗುವುದೇ ತಡ, ‘ಬಂದ್ ಸಾಹೇಬ್ರು ಬಂದ್ರು, ಗುದ್ದಲಿ ಕೆಳಗಿಡ್ರಿ’ ಎಂದು ಯಾರಾದರೂ ಕೂಗುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು.

ನಾನು ಬೆಳೆದದ್ದು ಮುನಿರಾಬಾದಿನಲ್ಲಿ, ಡ್ಯಾಮಿನ ಕಾಲೊನಿಯಲ್ಲಿ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ನಾವಿದ್ದ ಕ್ವಾರ್ಟರ್ಸಿನ ಮೇಲೆ ಗಟ್ಟಿ ಕಾಂಕ್ರೀಟಿತ್ತು. ಮಳೆಗಾಲ ಬಂತೆಂದು ಯಾರೂ ಮಾಳಿಗೆ ಹತ್ತಿ ನೋಡುವ ಪ್ರಮೇಯ ಇರಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು, ಅವರ ಹಿಂದೆ ಬಾಡಿಗೆ ಮನೆಗಳು, ಖಾನಾವಳಿಗಳು, ಝೆರಾಕ್ಸ್ ಅಂಗಡಿಗಳು ಬಂದವು. ಊರೆಲ್ಲ ಅಗೆತ. ನನ್ನನ್ನು ಇಲ್ಲಿಗೆ ಹಾಕಿದ್ದು ಆಗಲೇ. ಬಡ್ತಿ, ವರ್ಗಾವಣೆಯ ಕಥೆಗಳನ್ನು ನಾನು ಬರೆಯುವುದಿಲ್ಲ. ಅವುಗಳಿಂದ ನಿಮಗೂ ಉಪಯೋಗವಿಲ್ಲ, ನನಗೂ ಆಗಿಲ್ಲ.

ಆಗ ಪಾಯ ತೆಗೆಯುತ್ತಿದ್ದುದು ಗುದ್ದಲಿ ಸಲಿಕೆಯಲ್ಲಿ. ಗುದ್ದಲಿ ಮಡಕೆಗೆ ತಾಗಿದರೆ ಒಂದು ಸಪ್ಪಳ, ಕಲ್ಲಿಗೆ ತಾಗಿದರೆ ಇನ್ನೊಂದು. ಅಗೆಯುವವರೇ ಕೈ ತಡೆದು, ‘ಸಾಹೇಬ್ರ, ಏನೋ ಐತಿ ನೋಡ್ರಿ ಇಲ್ಲಿ’ ಎನ್ನುತ್ತಿದ್ದರು. ಜೆಸಿಬಿ ಬಂದ ಮೇಲೆ ಆ ಸಪ್ಪಳ ಕೇಳುವ ಕೆಲಸ ಮುಗಿಯಿತು. ಕುಷ್ಟಗಿಯಲ್ಲಿ ಒಂದು ಮಳಿಗೆಯ ಪಾಯದಲ್ಲಿ ನನ್ನ ಕಣ್ಣೆದುರೇ ಒಂದು ವೀರಗಲ್ಲು ಬಕೆಟ್ಟಿನ ಹಲ್ಲಿಗೆ ಸಿಕ್ಕಿ ನಡುವೆ ಮುರಿಯಿತು. ಕುದುರೆ ಒಂದು ಕಡೆ, ಅದರ ಮೇಲಿದ್ದ ವೀರ ಒಂದು ಕಡೆ. ನಾನು ಕೂಗಾಡಿದೆ. ಡ್ರೈವರ್ ಇಳಿದು ಬಂದು ಕಲ್ಲು ನೋಡಿದ. ‘ಇದಕ್ಕ ಬ್ರೇಕ್ ಐತ್ರಿ ಸರ, ಕಣ್ಣಿಲ್ಲ’ ಎಂದ. ಅವನಿಗೂ ಬೇಸರವಾಗಿತ್ತು. ಕಲ್ಲಿನ ಎರಡು ತುಂಡುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದೆವು. ಅವು ಇವತ್ತಿಗೂ ಕಚೇರಿಯ ಹಿಂದೆ ಬಿದ್ದಿವೆ. ಒಂದರ ಮೇಲೆ ಕುಳಿತು ಜವಾನರು ಬೀಡಿ ಸೇದುತ್ತಾರೆ.

ಗಂಗಾವತಿಯಲ್ಲಿ ಇನ್ನೊಂದು ಪ್ರಸಂಗ. ಅಕ್ಕಿ ವ್ಯಾಪಾರಿಯೊಬ್ಬರ ಗೋದಾಮಿನ ಪಾಯದಲ್ಲಿ ಬಾಯಿ ಮುಚ್ಚಿದ ದೊಡ್ಡ ಗಡಿಗೆ ಸಿಕ್ಕಿತು. ನಿಧಿ ಎಂಬ ಮಾತು ಹಬ್ಬಿ ಬಜಾರಿಗೆ ಬಜಾರೇ ಅಲ್ಲಿ ಸೇರಿತು. ವ್ಯಾಪಾರಿ ಗಡಿಗೆಗೆ ಅರಿಷಿಣ ಕುಂಕುಮ ಹಚ್ಚಿಸಿದರು, ಪೊಲೀಸರು ಲಾಠಿ ಹಿಡಿದು ನಿಂತರು. ನಾನು ಮಾತ್ರ ಒಳಗೆ ಮೂಳೆ ಇರುತ್ತದೆ, ಬಹಳ ಹಿಂದಿನ ಕಾಲದ ಸಮಾಧಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ. ಮುಚ್ಚಳ ತೆಗೆದರೆ ಒಳಗೆ ಕಲ್ಲಿನಂತೆ ಗಟ್ಟಿಯಾದ ಸುಣ್ಣ. ಯಾವ ಕಾಲದಲ್ಲೋ ಯಾವನೋ ಗೋಡೆಗೆ ಬಳಿದು ಉಳಿದದ್ದನ್ನು ಹಾಗೇ ಮುಚ್ಚಿಟ್ಟು ಹೋಗಿದ್ದ. ವ್ಯಾಪಾರಿಯ ಮುಖ ಸಣ್ಣದಾಯಿತು, ನನ್ನದೂ ಅಷ್ಟೇ ಆಯಿತು. ನೆಲದಲ್ಲಿ ಅವರಿಗೆ ಬೇಕಾದದ್ದು ಅವರಿಗೆ ಕಂಡಿತ್ತು, ನನಗೆ ಬೇಕಾದದ್ದು ನನಗೆ ಕಂಡಿತ್ತು. ಅವತ್ತು ನಕ್ಕು ಚಹಾ ಕುಡಿದು ಬಂದೆವು. ಎಲ್ಲ ಸಲವೂ ಹಾಗೆ ನಕ್ಕು ಬರಲು ಆಗುವುದಿಲ್ಲ.

ಶಂಕ್ರವ್ವನ ಮನೆಯ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕುಳಿತದ್ದೇ ಅದಕ್ಕಾಗಿ.

ಕೋಟೆಯ ಕೆಳಗಿನ ಓಣಿಯಲ್ಲಿ ಈರಣ್ಣ ಎಂಬವನ ಮನೆಯಿತ್ತು. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಆ ಕುಟುಂಬದಲ್ಲಿ ಸರ್ಕಾರಿ ನೌಕರಿ ಕಂಡವನು ಅವನೊಬ್ಬನೇ. ಮನೆಯಲ್ಲಿ ತಾಯಿ ಶಂಕ್ರವ್ವ, ಹೆಂಡತಿ ಗಂಗವ್ವ. ದಪ್ಪ ಗೋಡೆಯ, ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ ಮನೆ. ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಬೇಕೆಂದು ಬೇಸಿಗೆಯಲ್ಲಿ ಕೆಲಸ ಹಿಡಿದರು. ಮಳೆಗಾಲದೊಳಗೆ ಮೇಲೆ ಸ್ಲ್ಯಾಬ್ ಬೀಳಲಿ ಎಂಬ ಲೆಕ್ಕಾಚಾರ. ಅಲ್ಲಿಯತನಕ ಇರಲೆಂದು ಹಿತ್ತಲಿನಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡಿದ್ದರು. ನಾನು ಹೋಗುವ ಹೊತ್ತಿಗೆ ಮನೆ ಕೆಡವಿ, ಮಣ್ಣು ಸಾಗಿಸಿ, ಜಾಗ ಬಯಲಾಗಿತ್ತು.

ಪಾಯ ತೆಗೆಯತೊಡಗಿದರು. ಹಳೆಯ ಮನೆಯ ನೆಲಗಟ್ಟಿನ ಕೆಳಗೆ ಬೂದಿ ಬಣ್ಣದ ಮಣ್ಣಿನ ಪದರ ಕಾಣಿಸಿತು. ಸುತ್ತಲಿನ ಕೆಂಪು ಮಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೈಗೆ ತೆಗೆದುಕೊಂಡರೆ ನುಣ್ಣಗೆ ಜಾರುತ್ತಿತ್ತು. ಅದರ ತುಂಬ ಮಡಕೆ ಚೂರು, ಒಳಗೆ ಕಪ್ಪು ಹೊರಗೆ ಕೆಂಪು, ಅರಗು ಬಳಿದಂತೆ ಹೊಳೆಯುವಂಥವು. ಶಂಖದ ಬಳೆಯ ತುಣುಕುಗಳು, ಜೋಳದ ಕಾಳಿನಷ್ಟು ಸಣ್ಣ ಮಣಿಗಳು. ಅಂಥ ಚೂರುಗಳು ನಮ್ಮ ಲೆಕ್ಕದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಚೂರೊಂದನ್ನು ಕೈಯಲ್ಲಿ ಹಿಡಿದೇ ಬರೆದುಕೊಳ್ಳಲು ಪೆನ್ನು ತೆಗೆದೆ. ಪಾಯದೊಳಗೆ ನಿಂತಿದ್ದ ಗೌಂಡಿ ಹುಸೇನಸಾಬ ತಲೆ ಎತ್ತಿ, ‘ಅದೇನ್ ನೋಡ್ತೀರಿ ಬಿಡ್ರಿ ಸಾಹೇಬ್ರ, ಹಾಳಮಣ್ಣ ಅದು’ ಎಂದ. ಹಿಂದಿನಿಂದ ಈರಣ್ಣ ಕೆಮ್ಮಿದ. ಹುಸೇನಸಾಬ ಅವನ ಮುಖ ನೋಡಿದವನೇ ಬಾಯಿ ಮುಚ್ಚಿಕೊಂಡು ಸಲಿಕೆ ಹಿಡಿದ.

ಹಾಳು ಮಣ್ಣು, ಅಂದರೆ ಕೆಲಸಕ್ಕೆ ಬಾರದ ಮಣ್ಣು. ನನ್ನ ಕಿವಿಗೆ ಬಿದ್ದದ್ದು ಹಾಗೆ.

ಮಧ್ಯಾಹ್ನ ನಮ್ಮ ಮೇಲಧಿಕಾರಿ ಮೂರ್ತಿ ಸಾಹೇಬರು ಬಂದರು. ಮೈಸೂರು ಕಡೆಯವರು. ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಒಂದು ಸುಳ್ಳು ಬರೆದವರಲ್ಲ, ಯಾರ ಮನೆಯ ಚಹಾಕ್ಕೂ ಆಸೆಪಟ್ಟವರಲ್ಲ. ಪ್ಯಾಂಟು ಮಡಚಿ ಪಾಯಕ್ಕೆ ಇಳಿದು ಚೂರೊಂದನ್ನು ಅಂಗಿಯ ತುದಿಯಿಂದ ಒರೆಸಿದರು. ‘ಕೆಲಸದವರು ಹಾಳು ಮಣ್ಣು ಅಂತಾರೆ ಸರ್’ ಎಂದೆ, ನಗೆಮಾತಿಗೆ. ‘ಹಾಳು ಮಣ್ಣಾ? ಚಿನ್ನ ಕಣ್ರೀ ಇದು! ಈ ಊರು ಹುಟ್ಟಿದ್ದೇ ಇಲ್ಲಿ, ಇದೇ ಜಾಗದಲ್ಲಿ’ ಎಂದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸಂಜೆಯೊಳಗೆ ಕೆಲಸ ಬಂದ್ ಆಯಿತು. ಪಾಯದ ಸುತ್ತ ಸುಣ್ಣದ ಗೆರೆ, ಹಗ್ಗ. ತೆಗೆದ ಮಣ್ಣಿನ ಗುಡ್ಡೆಗೆ ತಾಡಪತ್ರಿ. ಕ್ರಮಬದ್ಧವಾಗಿ ಅಗೆಯಲು ಮೇಲಿನಿಂದ ಅಪ್ಪಣೆ ಬರುವತನಕ ಒಂದು ಬುಟ್ಟಿ ಮಣ್ಣೂ ಅಲ್ಲಿಂದ ಹೊರಗೆ ಹೋಗಬಾರದೆಂದು ನನ್ನನ್ನು ಕಾವಲಿಗೆ ಹಾಕಿದರು. ಈರಣ್ಣ ಏನೂ ಅನ್ನಲಿಲ್ಲ. ತಕರಾರು ಮಾಡುತ್ತಾನೆಂದು ಕಾದಿದ್ದ ನನಗೆ ಅವನ ಸುಮ್ಮನಿರುವಿಕೆ ವಿಚಿತ್ರವೆನಿಸಿತು. ಸರ್ಕಾರಿ ನೌಕರ, ಕಾನೂನು ಗೊತ್ತು ಎಂದುಕೊಂಡೆ.

ಅಪ್ಪಣೆ ಬರಲಿಲ್ಲ. ಮೂರ್ತಿ ಸಾಹೇಬರು ಬರೆಯುತ್ತಲೇ ಇದ್ದರು, ಮೇಲಿನವರು ಇನ್ನೂ ಏನೇನೋ ಕೇಳುತ್ತಲೇ ಇದ್ದರು. ಮುಂಗಾರು ಶುರುವಾಯಿತು. ಶಂಕ್ರವ್ವ ಶೆಡ್ಡಿನ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಕಣ್ಣು ಮಂಜು, ಮಾತು ಚುರುಕು. ನಾನು ಹಗ್ಗದ ಆಚೆ ಕುರ್ಚಿ ಹಾಕಿಕೊಂಡಿರುತ್ತಿದ್ದೆ. ಬೆಳಗಿನ ಚಹಾ ನನಗೂ ಬರುತ್ತಿತ್ತು. ಮನೆಯ ಕೆಲಸ ನಿಲ್ಲಿಸಿದವನಿಗೆ ಚಹಾ ಕೊಡುವವರು ಬೇರೆಲ್ಲೂ ನನಗೆ ಸಿಕ್ಕಿರಲಿಲ್ಲ.

‘ತಮ್ಮಾ, ಯಾವಾಗ ಬಿಡ್ತೀರಿ ನಮ್ಮ ಮನಿ?’ ಎಂದು ದಿನಾ ಕೇಳುತ್ತಿದ್ದಳು.

‘ಇನ್ನೇನ್ ಬರ್ತೈತಿಬೇ ಯವ್ವಾ, ಆರ್ಡರ್’ ಎಂದು ದಿನಾ ಹೇಳುತ್ತಿದ್ದೆ.

‘ತಗಡಿನ ಕೆಳಗ ನಿದ್ದಿ ಬರಂಗಿಲ್ಲಪ್ಪಾ. ಮಳಿ ಬಂದ್ರ ತಲಿ ಮ್ಯಾಗ ಹಲಗಿ ಬಡದಂಗ ಆಗ್ತೈತಿ. ಮಾಳಿಗಿ ಇದ್ದಾಗ ಮಳಿ ಬಂದದ್ದೂ ತಿಳೀತಿದ್ದಿಲ್ಲ. ಒಂದು ಹನಿ ಒಳಗ ಬರ್ತಿದ್ದಿಲ್ಲ, ಆ ಮಣ್ಣ ಅಂಥಾದ್ದು. ನಾ ಲಗ್ನಾಗಿ ಬಂದ ವರ್ಸ...’

‘ಅತ್ತಿ, ಸುಮ್ನ ಒಳಗ ಬರ್ರಿ, ಥಂಡಿ ಐತಿ’ ಎಂದು ಗಂಗವ್ವ ಒಳಗಿನಿಂದ ಕೂಗಿದಳು. ಶಂಕ್ರವ್ವ ಮಾತು ಅಲ್ಲಿಗೇ ನಿಲ್ಲಿಸಿದಳು. ಹೀಗೆ ಬಹಳ ಸಲ ಆಯಿತು. ಮುದುಕಿಯ ಮಾತು ಹೆಚ್ಚಾಯಿತೆಂದು ಸೊಸೆಗೆ ನಾಚಿಕೆ ಇರಬೇಕೆಂದು ನಾನು ತಿಳಿದಿದ್ದೆ.

ಒಂದು ದಿನ ಸೊಸೆ ನೀರಿಗೆ ಹೋದ ಹೊತ್ತು ನೋಡಿ ಅವಳು ನನ್ನನ್ನು ಹತ್ತಿರ ಕರೆದಳು. ‘ತಮ್ಮಾ, ಅಲ್ಲಿ ಹಾಳೂರ ದಿಬ್ಬದಾಗ ನಿಮ್ಮವ್ರು ಬೋರ್ಡ್ ಹಾಕ್ಯಾರಲ್ಲ, ಮಣ್ಣ ಒಯ್ದ್ರ ಜೈಲು ಅಂತ. ಖರೇನ ಹಾಕ್ತಾರೇನು?’

ಊರ ಹೊರಗಿನ ಆ ದಿಬ್ಬ ನನಗೆ ಗೊತ್ತಿತ್ತು. ಹಿಂದೆಂದೋ ಜನ ಬದುಕಿ ಬಿಟ್ಟುಹೋದ ಊರಿನ ದಿಬ್ಬ. ರಸ್ತೆಯಿಂದಲೇ ನಮ್ಮ ನೀಲಿ ಬೋರ್ಡು ಕಾಣುತ್ತಿತ್ತು. ಬೋರ್ಡು ಇದೆ ಎಂದರೆ ದಿಬ್ಬವೂ ಇದೆ ಎಂದು ನಾವು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆವು. ಒಮ್ಮೆ ಅಲ್ಲಿ ಮಣ್ಣು ತುಂಬುತ್ತಿದ್ದ ಟ್ರ್ಯಾಕ್ಟರ್ ಹಿಡಿದು ಠಾಣೆಗೆ ಕೊಟ್ಟದ್ದೂ ನೆನಪಿತ್ತು. ಹೊಲಕ್ಕೆ ಗೊಬ್ಬರವೆಂದು ಒಯ್ಯುತ್ತಾರೆ ಅಂತ ಆಗ ಬರೆದುಕೊಂಡಿದ್ದೆವು.

‘ಹೌದಬೇ ಯವ್ವಾ, ಹಾಕ್ತಾರ’ ಎಂದೆ. ‘ಸರ್ಕಾರಿ ನೌಕರಿಯವ್ರು ಇದ್ರಂತೂ ನೌಕರೀನೂ ಹೋಗ್ತೈತಿ. ಕಾನೂನು ಅಂದ್ರ ಕಾನೂನು.’

ಎಚ್ಚರದ ಮಾತು ಹೇಳಿದೆನೆಂದು ನನಗೆ ಸಮಾಧಾನವೂ ಆಗಿತ್ತು. ಅವಳು ಹೂಂ ಅಂದಳು, ಸೆರಗು ಹೊದ್ದುಕೊಂಡಳು. ಆಮೇಲೆ ಮನೆ ಯಾವಾಗ ಬಿಡುತ್ತೀರೆಂದು ನನ್ನನ್ನು ಕೇಳಲಿಲ್ಲ.

ಹಿಡಿದ ಮಳೆ ಬಿಡದ ಒಂದು ವಾರದಲ್ಲಿ ಅವಳಿಗೆ ಜ್ವರ ಬಂದು ಎದೆ ಕಟ್ಟಿತು. ದವಾಖಾನೆಗೆ ಒಯ್ದರು, ವಾಪಸ್ಸು ತಂದರು. ಶೆಡ್ಡಿನ ನೆಲ ಹಸಿ, ತಗಡಿನ ಸಂದಿಯಿಂದ ನೀರು. ಅಕ್ಕಪಕ್ಕದವರು ತಮ್ಮ ಮನೆಗೆ ಬಾ ಎಂದರೂ ಬರಲಿಲ್ಲ, ‘ನನ್ನ ಜಾಗದಾಗ ಇರ್ತೀನಿ’ ಎಂದಳಂತೆ. ಒಂದು ಮುಂಜಾನೆ ನಾನು ಹೋದಾಗ ಶೆಡ್ಡಿನ ಮುಂದೆ ಜನ ನಿಂತಿದ್ದರು. ನನ್ನನ್ನು ನೋಡಿ ದಾರಿ ಬಿಟ್ಟರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮೂರ್ತಿ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ‘ನಾನೂ ಬರ್ತೀನಿ. ನಾವು ಹೋಗದಿದ್ರೆ ಮನುಷ್ಯರಾ ನಾವು?’ ಎಂದರು.

ನಮ್ಮ ಕಡೆ ಸತ್ತವರನ್ನು ಕಳಿಸಿಕೊಡಲು ಹೋಗುವುದಕ್ಕೆ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಶಂಕ್ರವ್ವನ ಮಣ್ಣಿಗೆ ಓಣಿಗೆ ಓಣಿಯೇ ಬಂದಿತ್ತು. ಕುಣಿ ತೋಡಿದ್ದರು. ಅವರ ಪದ್ಧತಿಯಂತೆ ಕೂರಿಸಿ, ವಿಭೂತಿ ಗಟ್ಟಿ, ಪತ್ರಿ ಇಟ್ಟರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತಿಗೆ ಗಂಗವ್ವ ಬುಟ್ಟಿಯೊಂದನ್ನು ಹೊತ್ತು ಮುಂದೆ ಬಂದಳು. ಬುಟ್ಟಿಯಲ್ಲಿ ಬೂದಿ ಬಣ್ಣದ ಮಣ್ಣು. ಮೇಲೆಯೇ ಒಂದು ಕಪ್ಪು ಕೆಂಪು ಚೂರು ಹೊಳೆಯುತ್ತಿತ್ತು. ನಾನು ತಾಡಪತ್ರಿ ಹೊದಿಸಿ ಕಾದಿದ್ದ ಮಣ್ಣು ಅದು. ಈರಣ್ಣ ಅವಳ ರಟ್ಟೆ ಹಿಡಿದ. ಅವಳು ಕೊಸರಿಕೊಂಡಳು.

‘ಬಿಡ್ರಿ ನನ್ನ. ಇನ್ನೇನ್ ಉಳದೈತಿ?’ ಎಂದು ಗಂಡನಿಗೆ ಹೇಳಿ, ನಮ್ಮ ಕಡೆ ತಿರುಗಿದಳು. ‘ಸಾಹೇಬ್ರ, ಇದು ನಮ್ಮ ಮಾಳಿಗಿ ಮಣ್ಣರೀ. ಹಾಳಮಣ್ಣ. ಹಾಳೂರ ದಿಬ್ಬದಿಂದ ನಮ್ಮತ್ತಿ ತಲಿ ಮ್ಯಾಗ ಹೊತ್ತು ತಂದದ್ದು. ಒಂದು ದೊಡ್ಡ ಮಳಿ ಬಂದು ಆಗಿನ ಮನಿ ಬಿತ್ತು. ಬಿದ್ದದ್ದನ್ನ ಹಂಗ ತುಳದು ಅದರ ಮ್ಯಾಗ ಮತ್ತ ಕಟ್ಟಿದ್ರು. ನಿಮಗ ಪಾಯದಾಗ ಕಂಡದ್ದು ಅದ. ಅಲ್ಲಿ ಯಾವ ಊರೂ ಇಲ್ಲ. ಬೋರ್ಡ್ ಹಾಕಿದ ಮ್ಯಾಲೂ ಇವ್ರು ಒಂದು ಟ್ರ್ಯಾಕ್ಟರ್ ತಂದು ಮಾಳಿಗಿಗೆ ಹಾಕಿದ್ರು. ಅದಕ್ಕ ಬಾಯಿ ಮುಚ್ಚಿಗೊಂಡು ಕುಂತ್ವಿ. ಈಗ ಅಕಿನ್ನ ಜೈಲಿಗೆ ಹಾಕ್ತೀರೇನು? ಹಾಕ್ರಿ.’

ಹುಸೇನಸಾಬ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ‘ಇಡೀ ಓಣಿಗೆ ಗೊತ್ತಿತ್ತರೀ’ ಎಂದ. ‘ಎಲ್ಲಾರ ಮಾಳಿಗಿ ಮ್ಯಾಲೂ ಅದ ಮಣ್ಣ ಐತಿ.’

‘ಒಂದು ಮಾತು ಹೇಳಬಾರದಾಗಿತ್ತಾ ನಮಗೆ?’ ಎಂದು ಮೂರ್ತಿ ಸಾಹೇಬರು ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವಂತಿತ್ತು.

‘ನಮಗೂ ಬೋರ್ಡ್ ಓದಾಕ ಬರ್ತೈತ್ರಿ’ ಎಂದಳು ಗಂಗವ್ವ.

ಹಾಳು ಬಿದ್ದ ಊರಿನ ಮಣ್ಣು, ಅದಕ್ಕೇ ಹಾಳಮಣ್ಣು. ಬೂದಿ ಬೆರೆತ ಆ ಮಣ್ಣು ನೀರು ಕುಡಿದು ಬಿಗಿಯುತ್ತದೆ, ಕೆಳಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲು ಹೊಸದಾಗಿ ತಂದು ಮಾಳಿಗೆಗೆ ಹಾಕಿ ತುಳಿಯುವುದು ಈ ಸೀಮೆಯಲ್ಲಿ ಮನೆಮನೆಯ ರೂಢಿ. ಮೈಸೂರಿನ ಹೆಂಚಿನ ಕೆಳಗೆ ಬೆಳೆದ ಮೂರ್ತಿ ಸಾಹೇಬರಿಗೆ ಅದು ತಿಳಿದಿರಲಿಲ್ಲ, ಕಾಲೊನಿಯ ಕಾಂಕ್ರೀಟಿನ ಕೆಳಗೆ ಬೆಳೆದ ನನಗೂ ತಿಳಿದಿರಲಿಲ್ಲ. ತಿಳಿದವರ ಬಾಯಿಯನ್ನು ನಮ್ಮ ಬೋರ್ಡೇ ಕಟ್ಟಿಹಾಕಿತ್ತು. ನಾನು ಆಡಿದ ಮಾತೂ ಕಟ್ಟಿಹಾಕಿತ್ತು.

ಮೂರ್ತಿ ಸಾಹೇಬರು ಮುಂದೆ ಹೋಗಿ ಗಂಗವ್ವನ ಬುಟ್ಟಿಯಿಂದಲೇ ಒಂದು ಹಿಡಿ ತೆಗೆದುಕೊಂಡರು. ಹಿಡಿಯಲ್ಲಿ ಚೂರು ಬಂದಿತ್ತು. ಅಭ್ಯಾಸ ನೋಡಿ, ಹೆಬ್ಬೆರಳಿನಿಂದ ಅದನ್ನು ಒಮ್ಮೆ ಒರೆಸಿದರು. ಆಮೇಲೆ ಮಣ್ಣಿನ ಜೊತೆಗೇ ಕುಣಿಗೆ ಬಿಟ್ಟರು. ನಾನೂ ಒಂದು ಹಿಡಿ ಹಾಕಿದೆ. ಬುಟ್ಟಿ ಖಾಲಿಯಾಗುವತನಕ ಓಣಿಯವರೆಲ್ಲ ಹಾಕಿದರು.

ಮಾರನೆಯ ದಿನವೇ ಕೆಲಸದ ಮೇಲಿನ ತಡೆ ತೆಗೆದರು. ತಪ್ಪು ಇಲಾಖೆಯದು ಎಂದು ಮೂರ್ತಿ ಸಾಹೇಬರು ತಮ್ಮ ಕೈಯಾರೆ ಬರೆದರು, ಈರಣ್ಣನ ಟ್ರ್ಯಾಕ್ಟರಿನ ಸುದ್ದಿ ಎತ್ತಲಿಲ್ಲ. ಅವನ ನೌಕರಿ ಉಳಿಯಿತು. ಆಮೇಲೆ ನಾವಿಬ್ಬರೂ ಹಾಳೂರ ದಿಬ್ಬಕ್ಕೆ ಹೋದೆವು. ರಸ್ತೆಯಿಂದ ಬೋರ್ಡು ಎಂದಿನಂತೆ ಕಾಣುತ್ತಿತ್ತು. ಹತ್ತಿರ ಹೋಗಿ ನೋಡಿದರೆ ದಿಬ್ಬವೇ ಇಲ್ಲ. ಸುತ್ತಲೂ ನೆಲಮಟ್ಟಕ್ಕೆ ಬಳಿದು ಒಯ್ದಿದ್ದರು. ನಡುವೆ ಆಳೆತ್ತರದ ಒಂದು ಮಣ್ಣಿನ ಕಂಬ, ಅದರ ತಲೆಯ ಮೇಲೆ ನಮ್ಮ ಬೋರ್ಡು. ಭಯಕ್ಕೆ ಬೋರ್ಡನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮೂರ್ತಿ ಸಾಹೇಬರು ಅಲ್ಲೇ ಕಲ್ಲೊಂದರ ಮೇಲೆ ಕುಳಿತುಬಿಟ್ಟರು. ‘ಊರು ನಮ್ಮ ತಲೆ ಮೇಲಿತ್ತು ಕಣ್ರೀ. ನಾವು ಕೆಳಗೆ ಹುಡುಕ್ತಿದ್ವಿ’ ಎಂದರು.

ಆ ವರ್ಷದಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಪಾಯ ನೋಡುವ ಮೊದಲು ಮಾಳಿಗೆ ನೋಡತೊಡಗಿದೆವು. ಹಳೆಯ ಮನೆ ಕೆಡವುತ್ತಾರೆಂದು ತಿಳಿದರೆ ಜರಡಿ ಹಿಡಿದು ಹೋಗಿ, ಇಳಿಸಿದ ಮಣ್ಣನ್ನು ಜಾಳಿಸಿ, ಮಣ್ಣು ಎಲ್ಲಿಂದ ತಂದದ್ದೆಂದು ಕೇಳುತ್ತಿದ್ದೆವು. ಕೇಳುವ ಮೊದಲು, ಯಾರಿಗೂ ಏನೂ ಮಾಡುವುದಿಲ್ಲ ಎಂದು ಹೇಳುತ್ತಿದ್ದೆವು. ಕೆಲವರು ನಂಬಿದರು. ಯಲಬುರ್ಗಾದಲ್ಲಿ ಒಬ್ಬಾಕೆ ತಾನು ಕೂಡಿಟ್ಟಿದ್ದ ಮಣಿಗಳನ್ನೇ ತಂದುಕೊಟ್ಟಳು. ಆದರೆ ಬಹಳ ತಡವಾಗಿತ್ತು. ಎಲ್ಲರೂ ಸ್ಲ್ಯಾಬಿನ ಮನೆಗೆ ಬಿದ್ದಿದ್ದರು, ಮಾಳಿಗೆಗಳು ಸಾಲುಸಾಲಾಗಿ ಇಳಿದವು, ಮಣ್ಣು ರಸ್ತೆಯ ತಗ್ಗಿಗೆ ಬಿತ್ತು. ಮೂರ್ತಿ ಸಾಹೇಬರಿಗೆ ವರ್ಗವಾಯಿತು. ಅವರ ನಂತರ ಬಂದವರಿಗೆ ಮಾಳಿಗೆ ಹತ್ತುವ ಪುರಾತತ್ವ ನಗೆಪಾಟಲಾಗಿ ಕಂಡಿತು. ಜರಡಿಗಳು ಕಚೇರಿಯ ಹಿಂದೆ, ಆ ಒಡೆದ ವೀರಗಲ್ಲಿನ ಪಕ್ಕಕ್ಕೆ ಹೋದವು.

ಈರಣ್ಣನ ಮನೆ ಎದ್ದಿತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಗಂಗವ್ವ ಹೋಳಿಗೆ ಬಡಿಸಿದಳು, ‘ಸಾವಕಾಶ ಊಟ ಮಾಡ್ರಿ’ ಎಂದಳು. ಹೊರಗೆ ಮಳೆ ಬರುತ್ತಿತ್ತು, ಒಳಗೆ ಸಪ್ಪಳವಿರಲಿಲ್ಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ಎಲೆ ಮಡಚಿ ಎದ್ದುಬಂದೆ.

ಊರು ಆ ಸ್ಮಶಾನದ ಕಡೆಗೂ ಬೆಳೆಯುತ್ತಿದೆ. ಇಂದಲ್ಲ ನಾಳೆ ಅಲ್ಲಿಯೂ ಪಾಯ ತೆಗೆಯುತ್ತಾರೆ, ನಿಮ್ಮಲ್ಲಿ ಒಬ್ಬರು ಅಂಚಿಗೆ ನಿಂತಿರುತ್ತೀರಿ. ಕುಳಿತ ಭಂಗಿಯಲ್ಲಿ ಒಬ್ಬ ಹೆಂಗಸಿನ ಮೂಳೆ, ಸುತ್ತ ಬೂದಿ ಬಣ್ಣದ ಮಣ್ಣು, ಕಪ್ಪು ಕೆಂಪು ಚೂರುಗಳು ಸಿಗುತ್ತವೆ. ಎರಡು ಸಾವಿರ ವರ್ಷ ಎಂದು ಬರೆಯಲು ಪೆನ್ನು ತೆಗೆಯುತ್ತೀರಿ. ಬರೆಯಬೇಡಿ. ಅವಳ ಹೆಸರು ಶಂಕ್ರವ್ವ. ಆ ಮಣ್ಣು ಅವಳ ಮನೆಯ ಮಾಳಿಗೆಯದು.